ಕೆಲಸ ಕಲಿಯಲು ಬಂದ ಹುಡುಗನಿಗೆ ಕೈ ಕೂಡುತ್ತಿಲ್ಲ. ಇನ್ನೆಷ್ಟು ದಿನ ನೋಡುವುದು?

ತಿಪಟೂರು_ವೈಂಡಿಂಗ್

ಎಲ್ಲರಿಗೂ ನಮಸ್ಕಾರ. ತಿಪಟೂರಿನಲ್ಲಿ ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ, ಅಂದರೆ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತಿ ಕಟ್ಟುವ ಕೆಲಸ. ಬೋರ್‌ವೆಲ್ ಸಬ್‌ಮರ್ಸಿಬಲ್, ಮೊನೋಬ್ಲಾಕ್, ಹಿಟ್ಟಿನ ಗಿರಣಿ ಮೋಟಾರು, ಫ್ಯಾನು, ಮಿಕ್ಸಿ ಎಲ್ಲ ಬರುತ್ತವೆ. ನಾನು, ಒಬ್ಬ ಹಳೇ ಮೇಸ್ತ್ರಿ, ಕೆಲಸ ಕಲಿಯುವ ಒಬ್ಬ ಹುಡುಗ, ಇಷ್ಟೇ ಜನ. ತಲೆನೋವು ಹುಡುಗನದು.

ಹೋದ ಯುಗಾದಿ ಆದ ಮೇಲೆ ಸೇರಿದ. ವಯಸ್ಸು 19. ಎಸ್ಸೆಸ್ಸೆಲ್ಸಿ ಪಾಸು, ಐಟಿಐ ಸೇರಿ ಅರ್ಧಕ್ಕೆ ಬಿಟ್ಟವನು. ನಮ್ಮ ಮಾವನ ಊರಿನ ಕಡೆಯವನು, ತಂದೆ ಇಲ್ಲ, ತಾಯಿ ತೋಟದ ಕೂಲಿಗೆ ಹೋಗುತ್ತಾರೆ. ಹುಡುಗ ಕೆಟ್ಟವನಲ್ಲ. ಬೆಳಿಗ್ಗೆ ನನಗಿಂತ ಮೊದಲು ಬಂದು ಶಟರ್ ಎತ್ತಿರುತ್ತಾನೆ. ಕುಡಿತ ಇಲ್ಲ, ಗಲ್ಲಾಪೆಟ್ಟಿಗೆ ಮುಟ್ಟುವವನಲ್ಲ. ಆದರೆ ಕೆಲಸ ತಲೆಗೆ ಹತ್ತುತ್ತಿಲ್ಲ.

ಸುಟ್ಟ ಮೋಟಾರ್ ಬಿಚ್ಚಿದರೆ ಮೊದಲು ಡೇಟಾ ಬರೆದುಕೊಳ್ಳಬೇಕು. ತಂತಿ ಕೂರುವ ಸ್ಲಾಟು ಎಷ್ಟು, ಕಾಯಿಲಿಗೆ (ತಂತಿಯ ಸುರುಳಿಗೆ) ಎಷ್ಟು ಸುತ್ತು, ಪಿಚ್ ಎಷ್ಟು (ಒಂದು ಕಾಯಿಲ್ ಎಷ್ಟು ಸ್ಲಾಟು ದಾಟಿ ಕೂರುತ್ತದೆ), ತಂತಿ ಯಾವ ಗೇಜು (ದಪ್ಪದ ನಂಬರ್), ಕನೆಕ್ಷನ್ ಹೇಗಿತ್ತು. ಇವನು ಉಳಿ ಇಟ್ಟು ಹೊಡೆದು ಕಾಯಿಲ್ ಎಲ್ಲ ಕಿತ್ತು ಗುಡ್ಡೆ ಹಾಕಿದ ಮೇಲೆ ನನ್ನ ಮುಖ ನೋಡುತ್ತಾನೆ. ಹೇಳಿಕೊಟ್ಟರೆ ಒಂದು ವಾರ ಸರಿ, ಆಮೇಲೆ ಮತ್ತೆ ಅದೇ. ತಂತಿ ಅಳೆಯುವಾಗ ಮೇಲಿನ ಎನಾಮಲ್ ಲೇಪ ಕೆರೆಯದೆ ಮೈಕ್ರೋಮೀಟರ್ ಹಿಡಿಯುತ್ತಾನೆ. ಹಾಗೆ ಅಳೆದು ದಪ್ಪ ತಂತಿ ಹಾಕಲು ಹೋದರೆ ಸ್ಲಾಟಿಗೆ ಇಳಿಯುವುದೇ ಇಲ್ಲ. ಎಳೆದು ಬಿಸಾಕಿದ ತಾಮ್ರ ಗುಜರಿಗೆ ಹೋಗುತ್ತದೆ.

ಇದನ್ನೆಲ್ಲ ಸಹಿಸಿಕೊಂಡೆ. ಹೋದ ತಿಂಗಳು ಒಂದು 5 ಎಚ್‌ಪಿ ಸಬ್‌ಮರ್ಸಿಬಲ್ ಕಟ್ಟಿ ಮುಗಿದಿತ್ತು. ಕೇಬಲ್ ಜಾಯಿಂಟಿಗೆ ಟೇಪ್ ಸುತ್ತುವ ಕೆಲಸ ಇವನದು. ಸುತ್ತಿದ ಮೇಲೆ ತೊಟ್ಟಿಯ ನೀರಿನಲ್ಲಿ ಮುಳುಗಿಸಿಟ್ಟು, ಕರೆಂಟ್ ಸೋರುತ್ತದಾ ಅಂತ ತೋರಿಸುವ ಮೆಗ್ಗರ್ ಮೀಟರ್ ಹಾಕಿ ನೋಡಬೇಕು. 'ನೋಡಿದ್ಯೇನೋ' ಅಂದೆ. 'ನೋಡಿದೆ ಅಣ್ಣ, ಚೆನ್ನಾಗಿದೆ' ಅಂದ. ನೋಡಿಯೇ ಇರಲಿಲ್ಲ. ಬೋರಿಗೆ ಇಳಿಸಿದ ಮಾರನೇ ದಿನವೇ ಮೋಟಾರ್ ಹೋಯಿತು. 700 ಅಡಿಯಿಂದ ಮತ್ತೆ ಎತ್ತಬೇಕು. ಎತ್ತುವ ಗಾಡಿಯ ಬಾಡಿಗೆ ನಾನೇ ಕೊಟ್ಟೆ. ರೈತ ಊರೆಲ್ಲ ಹೇಳಿಕೊಂಡು ಬಂದಿದ್ದಾನೆ.

ಶಿವರಾತ್ರಿ ಕಳೆದರೆ ನಮಗೆ ಸೀಸನ್ನು. ಮೇ ತನಕ ಉಸಿರಾಡಲು ಪುರುಸೊತ್ತಿರುವುದಿಲ್ಲ. ಮೇಸ್ತ್ರಿ 'ಇವನನ್ನು ಕಳಿಸಿ ಬೇರೆಯವನನ್ನು ನೋಡು' ಅನ್ನುತ್ತಿದ್ದಾರೆ. ಮನೆಯಲ್ಲಿ 'ಪಾಪ, ಇನ್ನೊಂದು ಸೀಸನ್ ನೋಡಿ' ಅನ್ನುತ್ತಾರೆ. ಹುಡುಗರನ್ನು ಇಟ್ಟುಕೊಂಡು ಕೆಲಸ ಕಲಿಸಿದವರು ಹೇಳಿ, ಯಾವ ಹಂತದಲ್ಲಿ ಸಾಕು ಅಂತ ನಿರ್ಧಾರ ಮಾಡಿದಿರಿ?

---

ಸುಮ್ನೆ_ಒಬ್ಬ

ಕಳಿಸಿ. ಹತ್ತು ತಿಂಗಳಲ್ಲಿ ಡೇಟಾ ಬರೆಯುವುದು ಕಲಿಯದವನು ಹತ್ತು ವರ್ಷಕ್ಕೂ ಕಲಿಯುವುದಿಲ್ಲ.

---

ಪೀಣ್ಯ_ಪ್ರೆಸ್‌ಶಾಪ್

ನೀವು ಬರೆದದ್ದರಲ್ಲಿ ಎರಡು ಬೇರೆ ಬೇರೆ ವಿಷಯ ಇವೆ ಸಾರ್. ಅಳತೆ ತಪ್ಪುವುದು, ಡೇಟಾ ಮರೆಯುವುದು ಒಂದು ಕಡೆ. ಮೆಗ್ಗರ್ ಹಾಕದೆ ಹಾಕಿದೆ ಅಂದದ್ದು ಇನ್ನೊಂದು ಕಡೆ. ಎರಡನ್ನೂ ಒಂದೇ ಚೀಲಕ್ಕೆ ತುಂಬಬೇಡಿ.

ನಮ್ಮದು ಪವರ್ ಪ್ರೆಸ್, ತಗಡನ್ನು ಅಚ್ಚಿಗೆ (ಡೈಗೆ) ಒತ್ತಿ ಪೀಸ್ ತೆಗೆಯುವ ಮಿಷಿನ್. ಎರಡು ಕೈಯಲ್ಲೂ ಬಟನ್ ಒತ್ತಿದರೆ ಮಾತ್ರ ಮೇಲಿನ ಒತ್ತುವ ಭಾಗ, ರಾಮ್, ಕೆಳಗೆ ಬರುತ್ತದೆ. ಕೈ ಡೈ ಒಳಗೆ ಇರಬಾರದು ಅಂತಲೇ ಹಾಗೆ ಮಾಡಿರುವುದು. ಹುಡುಗರು ಬೇಗ ಪೀಸ್ ತೆಗೆಯಲು ಒಂದು ಬಟನ್ನಿಗೆ ಕಡ್ಡಿ ಸಿಕ್ಕಿಸಿ ಒಂದೇ ಕೈಯಲ್ಲಿ ಓಡಿಸುತ್ತಾರೆ. ಇಂಥವನು ಸಿಕ್ಕಿದರೆ ಅದೇ ಗಳಿಗೆ ಮಿಷಿನ್‌ನಿಂದ ಇಳಿಸುತ್ತೇನೆ. ಎಷ್ಟು ಚೆನ್ನಾಗಿ ಕೆಲಸ ಬಂದರೂ ಅಷ್ಟೇ. ಎರಡನೇ ಸಲ ಸಿಕ್ಕಿದರೆ ಮನೆಗೆ. ಆದರೆ ನಿಧಾನ ಇರುವವನು, ಪೀಸ್ ರಿಜೆಕ್ಟ್ ಮಾಡುವವನು, ಇವರನ್ನು ವರ್ಷಗಟ್ಟಲೆ ಇಟ್ಟುಕೊಂಡಿದ್ದೇನೆ. ಕೆಲವರು ಈಗ ಮಿಷಿನ್ ಸೆಟ್ ಮಾಡುವ ನನ್ನ ಸೆಟ್ಟರ್‌ಗಳು.

ನಿಮ್ಮ ಹುಡುಗ ಯಾಕೆ ಸುಳ್ಳು ಹೇಳಿದ ಅಂತ ಕೇಳಿದಿರಾ?

---

ತಿಪಟೂರು_ವೈಂಡಿಂಗ್

@ಪೀಣ್ಯ_ಪ್ರೆಸ್‌ಶಾಪ್ ಕೇಳಿದೆ. ತಲೆ ಬಗ್ಗಿಸಿ ನಿಂತ. ಬಾಯಿ ಬಿಡಲಿಲ್ಲ.

---

ಕೂಲಿ_ಲೆಕ್ಕ

ಮೊದಲು ಒಂದು ಪ್ರಶ್ನೆ. ತಿಂಗಳಿಗೆ ಎಷ್ಟು ಕೊಡುತ್ತೀರಿ? ಮತ್ತೆ ದಿನದಲ್ಲಿ ಎಷ್ಟು ಹೊತ್ತು ಅವನು ನಿಜವಾಗಿ ವೈಂಡಿಂಗ್ ಮುಂದೆ ಕೂರುತ್ತಾನೆ? ಟೀ ತರುವುದು, ಅಂಗಡಿ ಗುಡಿಸುವುದು, ಲಗೇಜ್ ಆಟೋಗೆ ಮೋಟಾರ್ ಹತ್ತಿಸುವುದು, ನಿಮ್ಮ ಮನೆ ಗ್ಯಾಸ್ ಸಿಲಿಂಡರ್ ತರುವುದು, ಇದೆಲ್ಲ ಕಳೆದರೆ ಏನು ಉಳಿಯುತ್ತದೆ? 'ಹತ್ತು ತಿಂಗಳಾಯಿತು' ಅನ್ನುವ ಲೆಕ್ಕ ಅಲ್ಲೇ ತಪ್ಪುತ್ತದೆ.

---

ತಿಪಟೂರು_ವೈಂಡಿಂಗ್

@ಕೂಲಿ_ಲೆಕ್ಕ ತಿಂಗಳಿಗೆ 7,000, ಮಧ್ಯಾಹ್ನ ಊಟ ನಮ್ಮ ಮನೆಯಿಂದ. ಸಿಲಿಂಡರ್ ತರಿಸುವುದಿಲ್ಲ ಸ್ವಾಮಿ, ನಮ್ಮ ಮನೆಗೆ ಗ್ಯಾಸ್ ಹುಡುಗನೇ ಬರುತ್ತಾನೆ. ಟೀ ಹೌದು, ತರುತ್ತಾನೆ. ಟೀ ನಾನೂ ತಂದವನೇ, ಮೇಸ್ತ್ರಿಯೂ ತಂದವರೇ.

---

ಕೂಲಿ_ಲೆಕ್ಕ

'ನಾನೂ ತಂದವನೇ' ಅನ್ನುವುದು ಉತ್ತರ ಅಲ್ಲವಲ್ಲ.

---

ಬ್ಲೌಸ್_ಅಕ್ಕ_ದಾವಣಗೆರೆ

ನನ್ನದು ಟೈಲರಿಂಗ್, ಆದರೂ ಹೇಳುತ್ತೇನೆ. ನನ್ನ ಹತ್ತಿರ ಹೊಲಿಗೆ ಕಲಿಯಲು ಬರುವ ಹುಡುಗಿಯರಿಗೆ ಮೊದಲು ಗಿರಾಕಿಯ ಬಟ್ಟೆ ಮುಟ್ಟಿಸುವುದೇ ಇಲ್ಲ. ಹಳೇ ಸೀರೆಯ ಮೇಲೆ ಕಟಿಂಗ್. ತೋಳಿನ ಕಂಕುಳ ಕಡೆ ತಿರುವು ಎಲ್ಲರಿಗೂ ತಪ್ಪುತ್ತದೆ. ನಾನು ನೋಡುವುದು ಒಂದೇ: ಈ ವಾರದ ತಪ್ಪು ಹೋದ ವಾರದ್ದೇನಾ, ಹೊಸದಾ? ಹೊಸ ತಪ್ಪು ಮಾಡುತ್ತಿದ್ದರೆ ಖುಷಿ ನನಗೆ. ಮುಂದಕ್ಕೆ ಹೋಗಿದ್ದಾಳೆ ಅಂತ ಅರ್ಥ. ತಿಂಗಳುಗಟ್ಟಲೆ ಅದೇ ಜಾಗದಲ್ಲಿ ಅದೇ ತಪ್ಪಾದರೆ ಅವಳಿಗೆ ಕಾಜಾ, ಹೆಮ್ಮಿಂಗ್, ಹುಕ್ ಕೊಡುತ್ತೇನೆ. ಅದರಲ್ಲೂ ಮನಸ್ಸಿಲ್ಲ ಅಂದರೆ ಅವರ ಅಮ್ಮನನ್ನು ಕರೆಸಿ ಕೂರಿಸಿ ಮಾತಾಡುತ್ತೇನೆ.

ಒಬ್ಬಳನ್ನು ಹಾಗೇ ಕಳಿಸಿದೆ. ಈಗ ಸೀರೆಗೆ ಫಾಲ್ಸ್ ಹಾಕಿ, ಕುಚ್ಚು ಕಟ್ಟಿ ಕೊಡುತ್ತಾಳೆ. ನನ್ನ ಅಂಗಡಿಯ ಕುಚ್ಚೆಲ್ಲ ಅವಳ ಹತ್ತಿರವೇ ಹೋಗುತ್ತದೆ.

ಅಣ್ಣಾ, ನಿಮ್ಮ ಹುಡುಗನ ತಪ್ಪು ಹಳೇದಾ ಹೊಸದಾ?

---

ತಿಪಟೂರು_ವೈಂಡಿಂಗ್

@ಬ್ಲೌಸ್_ಅಕ್ಕ_ದಾವಣಗೆರೆ ಹಳೇದೇ ಅಕ್ಕ. ಅದಕ್ಕೇ ಬೇಜಾರು.

---

ಜೆಟಿಓ_ಮೇಷ್ಟ್ರು

ಸರ್ಕಾರಿ ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಟ್ರೇಡಿಗೆ ಪಾಠ ಮಾಡುತ್ತೇನೆ. ಎರಡು ವರ್ಷದ ಕೋರ್ಸು. ಅರ್ಧಕ್ಕೆ ಬಿಟ್ಟು ಹೋಗುವವರನ್ನು ಪ್ರತಿ ವರ್ಷ ನೋಡುತ್ತೇನೆ. ನನ್ನ ಅನುಭವದಲ್ಲಿ ಕೈ ಬಾರದೆ ಬಿಟ್ಟವರು ಕಡಿಮೆ. ಲೆಕ್ಕ ಬಾರದೆ ಬಿಟ್ಟವರೇ ಜಾಸ್ತಿ. ಬಾರದು ಅಂತ ಹೇಳಿಕೊಳ್ಳಲು ನಾಚಿಕೆ. ಹೇಳುವುದಕ್ಕಿಂತ 'ಆಯಿತು ಸಾರ್, ನೋಡಿದೆ ಸಾರ್' ಅನ್ನುವುದು ಸುಲಭ.

ಕಳಿಸುವ ಮೊದಲು ಎರಡು ಪರೀಕ್ಷೆ ಮಾಡಿ. ಖರ್ಚಿಲ್ಲ.

ಮೊದಲನೆಯದು: ಕಾಗದದ ಮೇಲೆ 0.71 ಮತ್ತು 0.8 ಬರೆದು ಯಾವುದು ದೊಡ್ಡದು ಅಂತ ಕೇಳಿ. 71 ದೊಡ್ಡದಲ್ವಾ ಅಂತ 0.71 ಅನ್ನುವವರು ಎಷ್ಟು ಜನ ಗೊತ್ತಾ? ಎಸ್ಸೆಸ್ಸೆಲ್ಸಿ ಪಾಸಾದವರು! ನಿಮ್ಮ ಕೆಲಸದಲ್ಲಿ 22 ಗೇಜ್ ಅಂದರೆ ಸುಮಾರು 0.71 ಮಿಲಿಮೀಟರ್, 21 ಗೇಜ್ ಅಂದರೆ 0.81. ಮೇಲಿಂದ ಗೇಜ್ ನಂಬರ್ ಜಾಸ್ತಿ ಆದಷ್ಟೂ ತಂತಿ ತೆಳುವಾಗುತ್ತದೆ. ದಶಮಾಂಶ ಗೊತ್ತಿಲ್ಲದವನಿಗೆ ಇದು ಎರಡು ಸಲ ತಲೆಕೆಳಗಾದ ಲೆಕ್ಕ. ಅವನು ಊಹೆ ಮೇಲೆ ನಡೆಸುತ್ತಿರಬಹುದು.

ಎರಡನೆಯದು: ಕಣ್ಣು. ಸರ್ಕಾರಿ ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲಿ ಇಶಿಹಾರಾ ಪುಸ್ತಕ ಇರುತ್ತದೆ, ಬಣ್ಣದ ಚುಕ್ಕೆಗಳ ನಡುವೆ ಅಂಕಿ ಓದುವುದು. ಬಣ್ಣ ಗುರುತು ಸಿಗದ ದೋಷ ಗಂಡಸರಲ್ಲೇ ಹೆಚ್ಚು. ಎಷ್ಟೋ ಜನರಿಗೆ ದೊಡ್ಡವರಾದರೂ ಗೊತ್ತೇ ಇರುವುದಿಲ್ಲ. ವೈರಿನ ಕೆಲಸದವನಿಗೆ ಇದನ್ನು ಮೊದಲೇ ನೋಡಿಸಬೇಕು. ಹಾಗೆಯೇ ಹತ್ತಿರದ ದೃಷ್ಟಿಯನ್ನೂ.

ಇವೆರಡೂ ಸರಿ ಇದ್ದು ಮತ್ತೆ ಅದೇ ತಪ್ಪಾದರೆ ಆಗ ಮೇಸ್ತ್ರಿ ಮಾತು ಕೇಳಿ.

---

ಸುಮ್ನೆ_ಒಬ್ಬ

ವೈಂಡಿಂಗ್ ಅಂಗಡಿಯವರು ಗಣಿತದ ಪಾಠವನ್ನೂ ಮಾಡಬೇಕಾ ಮೇಷ್ಟ್ರೇ? ಹತ್ತು ವರ್ಷ ಶಾಲೆಯಲ್ಲಿ ಏನು ಮಾಡಿದರು?

---

ಜೆಟಿಓ_ಮೇಷ್ಟ್ರು

@ಸುಮ್ನೆ_ಒಬ್ಬ ಅದು ಬೇರೆ ಜಗಳ. ಅದಕ್ಕೆ ಬೇರೆ ಚರ್ಚೆ ಶುರು ಮಾಡಿ, ನಾನೂ ಬರುತ್ತೇನೆ.

---

ತೆಂಗು_ಅರಸೀಕೆರೆ

ಗಿರಾಕಿ ಕಡೆಯಿಂದ ಒಂದು ಮಾತು. ನೀವೆಲ್ಲ ಹುಡುಗನ ಬಗ್ಗೆ ಮಾತಾಡುತ್ತಿದ್ದೀರಿ. ಮೋಟಾರ್ ಸುಟ್ಟ ರೈತನ ಕಥೆ ಏನು? ಬೇಸಿಗೆಯಲ್ಲಿ ನಾಲ್ಕು ದಿನ ನೀರು ನಿಂತರೆ ಹೊಸದಾಗಿ ಇಟ್ಟ ತೆಂಗಿನ ಸಸಿ ಬಾಡುತ್ತದೆ, ಅಡಿಕೆ ಇದ್ದರಂತೂ ಕೇಳಲೇಬೇಡಿ. ಪೈಪು ಒಂದೊಂದೇ ಬಿಚ್ಚಿ ಮೇಲೆ ತೆಗೆದು ಮತ್ತೆ ಜೋಡಿಸಿ ಇಳಿಸುವುದರಲ್ಲಿ ಒಂದು ದಿನ ಹೋಗುತ್ತದೆ. ಎತ್ತುವಾಗ ಪೈಪ್ ಜಾರಿ ಮೋಟಾರ್ ಬೋರಿನೊಳಗೇ ಸಿಕ್ಕಿಕೊಂಡರೆ ಬೋರೇ ಹೋಯಿತು. ಕಲಿಯುವ ಹುಡುಗನ ಕೆಲಸವನ್ನು ಮಾಲೀಕ ನೋಡದೆ ಗಾಡಿಗೆ ಹತ್ತಿಸಿದ್ದು ಯಾಕೆ? ಬಾಡಿಗೆ ಕೊಟ್ಟಿರಿ ಸರಿ. ಕೆಲವು ಅಂಗಡಿಯವರು ಅದನ್ನೂ ಕೊಡುವುದಿಲ್ಲ.

---

ತಿಪಟೂರು_ವೈಂಡಿಂಗ್

@ತೆಂಗು_ಅರಸೀಕೆರೆ ಅವತ್ತು ನಾನು ನೊಣವಿನಕೆರೆ ಕಡೆ ಸೈಟಿನಲ್ಲಿದ್ದೆ ಅಣ್ಣ. ರೈತ ಗಾಡಿ ತಂದು ಅಂಗಡಿ ಮುಂದೆ ನಿಲ್ಲಿಸಿಕೊಂಡು ಫೋನ್ ಮೇಲೆ ಫೋನ್. ಮೇಸ್ತ್ರಿ ಊಟಕ್ಕೆ ಹೋಗಿದ್ದರು. ಅವನನ್ನೇ ಫೋನಿನಲ್ಲಿ ಕೇಳಿದೆ, ನೋಡಿದೆ ಅಂದ. ನಂಬದೆ ಏನು ಮಾಡಲಿ? ಟೆಸ್ಟ್ ಮಾಡುವುದು ಮೆಗ್ಗರ್‌ನ ಹಿಡಿಕೆ ತಿರುಗಿಸುವ ಕೆಲಸ, ಎರಡು ನಿಮಿಷ. ಮುಳುಗಿಸಿಡುವುದಕ್ಕೆ ಟೈಮ್ ಬೇಕು ಅಷ್ಟೇ.

---

ಪೀಣ್ಯ_ಪ್ರೆಸ್‌ಶಾಪ್

ಓಹೋ. ಗಿರಾಕಿ ಮುಂದೆ ನಿಂತು ಅವಸರ ಮಾಡುತ್ತಿದ್ದ, ಮೇಸ್ತ್ರಿ ಇಲ್ಲ, ಮಾಲೀಕ ಫೋನಿನಲ್ಲಿ. ಹಾಗಾದರೆ 'ನೋಡಿದೆ' ಅಂದದ್ದರಲ್ಲಿ ಕಳ್ಳತನಕ್ಕಿಂತ ಭಯ ಜಾಸ್ತಿ ಇದೆ. ಆದರೂ ಬಿಡುವ ತಪ್ಪಲ್ಲ. ಕಾಗದ ಮಾಡಿಸಿ. ಪ್ರತಿ ಮೋಟಾರಿಗೂ ಒಂದು ಚೀಟಿ, ಅದರ ಮೇಲೆ ಮೆಗ್ಗರ್ ರೀಡಿಂಗ್ ಬರೆದಿರಬೇಕು. ಅಂಕಿ ಇಲ್ಲದ ಮೋಟಾರ್ ಹೊಸ್ತಿಲು ದಾಟಬಾರದು. 'ನೋಡಿದ್ಯಾ' ಅಂದರೆ ಹೂಂ ಅನ್ನುತ್ತಾನೆ. 'ಎಷ್ಟು ಬಂತು' ಅಂದರೆ ಸುಮ್ನೆ ಹೂಂ ಅನ್ನಲಾಗುವುದಿಲ್ಲ.

---

ಸುಮ್ನೆ_ಒಬ್ಬ

ಸುಳ್ಳು ಹೇಳುವವನು ಅಂಕಿಯನ್ನೂ ಸುಳ್ಳೇ ಬರೆಯುತ್ತಾನೆ.

---

ಕುಂದಾಪ್ರ_ಆಚಾರಿ

ನಮ್ಮ ಮರದ ಕೆಲಸದಲ್ಲಿ ಒಂದು ವರ್ಷ ಉಳಿ ಮಸೆಯುವುದೇ ಆಗಿತ್ತು. ಎರಡನೇ ವರ್ಷ ಹತ್ತರಿ ಹಿಡಿಯಲು ಕೊಡುತ್ತಿದ್ದರು. ಮೂರನೇ ವರ್ಷ ಬಾಗಿಲ ಚೌಕಟ್ಟಿನ ಕೂಡು. ಈಗಿನವರಿಗೆ ಹತ್ತು ತಿಂಗಳಿಗೆ ಸಬ್‌ಮರ್ಸಿಬಲ್ ಜಾಯಿಂಟ್ ಕೊಟ್ಟು ಆಮೇಲೆ ಬರಲಿಲ್ಲ ಅನ್ನುತ್ತೀರಿ. ತಾಳ್ಮೆ ಯಾರಿಗೆ ಇಲ್ಲ ಇಲ್ಲಿ?

---

ಜೆಸಿಬಿ_ಹಾಸನ

ಆಚಾರಿಗಳೇ, ಆ ಉಳಿ ಮಸೆಯುವ ವರ್ಷ ಹೊಟ್ಟೆಗೆ ಏನು ತಿನ್ನುವುದು? ಆಗ ಮನೆಯವರ ಮಕ್ಕಳೇ ಕಲಿಯುತ್ತಿದ್ದರು, ಊಟ ಮನೆಯದ್ದೇ. ಈಗ ಹುಡುಗ ಬಸ್ ಚಾರ್ಜ್ ಕೊಟ್ಟು ಬರಬೇಕು.

ನಾನು ಕಳಿಸಿಕೊಂಡವನು, ಅದಕ್ಕೇ ಬರೆಯುತ್ತಿದ್ದೇನೆ. ಒಂದು ಗ್ಯಾರೇಜಿನಲ್ಲಿ ಬೈಕ್ ಕೆಲಸ ಕಲಿಯಲು ಸೇರಿದ್ದೆ. ಇಂಜಿನ್ ಬಿಚ್ಚುತ್ತಿದ್ದೆ, ಕೂಡಿಸುವಾಗ ಎರಡು ಬೋಲ್ಟ್ ಮಿಕ್ಕುತ್ತಿದ್ದವು. ನಗಬೇಡಿ. ಮಾಲೀಕ ಬೈಯಲಿಲ್ಲ, ಏನೂ ಹೇಳಲೂ ಇಲ್ಲ. ಬೈಕ್ ಬಿಡಲು ಬಂದ ಗಿರಾಕಿ ಒಬ್ಬರು 'ನೀನು ಬಿಡ್ತಿದ್ದೀಯಂತೆ?' ಅಂತ ಕೇಳಿದಾಗಲೇ ನನಗೆ ಗೊತ್ತಾದದ್ದು. ಊರಿಗೆಲ್ಲ ಹೇಳಿ ಆಗಿತ್ತು, ನನಗೊಬ್ಬನಿಗೆ ಹೇಳಿರಲಿಲ್ಲ. ಬಾಕಿ ಸಂಬಳಕ್ಕೆ ಆಮೇಲೆ ಅಲೆದದ್ದು ಬೇರೆ.

ಕಳಿಸಿದ್ದಕ್ಕೆ ಸಿಟ್ಟಿಲ್ಲ. ಆ ಕೆಲಸ ನನ್ನದಾಗಿರಲಿಲ್ಲ. ಈಗ ಜೆಸಿಬಿ ಓಡಿಸುತ್ತೇನೆ, ಬಕೆಟ್ಟಿನಲ್ಲಿ ಗುಂಡಿಯ ಅಂಚು ನೂಲು ಹಿಡಿದ ಹಾಗೆ ತೆಗೆಯುತ್ತೇನೆ. ಆದರೆ ಆ ಗ್ಯಾರೇಜ್ ಇರುವ ರಸ್ತೆಯಲ್ಲಿ ಇವತ್ತಿಗೂ ಹೋಗುವುದಿಲ್ಲ. ಕಳಿಸುವುದಾದರೆ ಕೂರಿಸಿ, ಬೇರೆ ಯಾರೂ ಇಲ್ಲದಾಗ, ಇದು ಆಗುತ್ತಿಲ್ಲ ಅಂತ ಬಾಯಿ ಬಿಟ್ಟು ಹೇಳಿ. ಆ ದಿನದವರೆಗಿನ ಸಂಬಳ ಕೈಗೆ ಕೊಡಿ.

---

ಬ್ಲೌಸ್_ಅಕ್ಕ_ದಾವಣಗೆರೆ

@ಜೆಸಿಬಿ_ಹಾಸನ ತಮ್ಮಾ, ಓದಿ ಬೇಜಾರಾಯಿತು.

---

ಬಿಎಲ್‌ಡಿಸಿ_ಭಕ್ತ

ಇಷ್ಟೆಲ್ಲ ಯಾಕೆ? ರಿವೈಂಡಿಂಗ್ ಕೆಲಸವೇ ಹೋಗುತ್ತಿದೆ. ಹಳೇ ಫ್ಯಾನ್ 75 ವ್ಯಾಟ್ ತಿನ್ನುತ್ತದೆ, ಎಲೆಕ್ಟ್ರಾನಿಕ್ ಬೋರ್ಡಿನಿಂದ ಓಡುವ ಹೊಸ ಬಿಎಲ್‌ಡಿಸಿ ಫ್ಯಾನ್ ಮೂವತ್ತರ ಆಸುಪಾಸು. ಅದು ಕೆಟ್ಟರೆ ಕಾಯಿಲ್ ಅಲ್ಲ, ಬೋರ್ಡ್ ಬದಲಿಸುವುದು. ಹುಡುಗನನ್ನು ಬೋರ್ಡ್ ರಿಪೇರಿಗೆ ಹಾಕಿ.

---

ತಿಪಟೂರು_ವೈಂಡಿಂಗ್

@ಬಿಎಲ್‌ಡಿಸಿ_ಭಕ್ತ ಫ್ಯಾನ್ ಹೋಗಲಿ ಸ್ವಾಮಿ, ಅದರಲ್ಲಿ ಏನೂ ಗಿಟ್ಟುವುದಿಲ್ಲ. 800 ಅಡಿ ಕೆಳಗಿನ ಸಬ್‌ಮರ್ಸಿಬಲ್‌ಗೆ ಬಿಎಲ್‌ಡಿಸಿ ಬರುವ ತನಕ ನನಗೆ ಅನ್ನ ಇದೆ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಬರುವುದೇ ದಿನಕ್ಕೆ ಏಳು ಗಂಟೆ. ಆ ಏಳು ಗಂಟೆ ಎಲ್ಲರೂ ಒಟ್ಟಿಗೆ ಆನ್ ಮಾಡುತ್ತಾರೆ, ವೋಲ್ಟೇಜ್ ಕುಸಿಯುತ್ತದೆ, ಕರೆಂಟ್ ಜಾಸ್ತಿ ಎಳೆದು ಕಾಯಿಲ್ ಬಿಸಿಯಾಗುತ್ತದೆ. ಒಂದು ಫೇಸ್ ಹೋದರಂತೂ ನಿಮಿಷದಲ್ಲಿ ಖಲಾಸ್. ಫೇಸ್ ಹೋದಾಗ ಮೋಟಾರ್ ನಿಲ್ಲಿಸುವ ಪ್ರಿವೆಂಟರ್ ಹಾಕಿಸಿ ಅಂದರೆ ಯಾರೂ ಹಾಕಿಸುವುದಿಲ್ಲ.

---

ತೆಂಗು_ಅರಸೀಕೆರೆ

ಹಾಕಿಸಿದ್ದೆ. ಪ್ರಿವೆಂಟರೇ ಮೊದಲು ಸುಟ್ಟಿತು.

---

ಬಿಎಲ್‌ಡಿಸಿ_ಭಕ್ತ

😂😂

---

ಸ್ಟುಟ್‌ಗಾರ್ಟ್_ಕನ್ನಡಿಗ

ಇಲ್ಲಿ ಜರ್ಮನಿಯಲ್ಲಿ ಇದಕ್ಕೆ ಕಾನೂನೇ ಇದೆ. ಕಸುಬು ಕಲಿಯಲು ಸೇರುವವರ ಜೊತೆ ಬರಹದಲ್ಲಿ ಒಪ್ಪಂದ ಆಗುತ್ತದೆ. ಶುರುವಿನಲ್ಲಿ ಒಂದರಿಂದ ನಾಲ್ಕು ತಿಂಗಳು ಪರೀಕ್ಷೆಯ ಅವಧಿ. ಆಗ ಯಾವ ಕಡೆಯವರು ಬೇಕಾದರೂ ಮುನ್ಸೂಚನೆ ಇಲ್ಲದೆ ಮುಗಿಸಬಹುದು. ಅದು ದಾಟಿದ ಮೇಲೆ ಮಾಲೀಕ ಸುಮ್ನೆ ಕಳಿಸುವಂತಿಲ್ಲ, ಗಟ್ಟಿ ಕಾರಣ ಬೇಕು. ನಿಧಾನ ಕಲಿಯುತ್ತಾನೆ ಅನ್ನುವುದು ಸಾಮಾನ್ಯವಾಗಿ ಅಂಥ ಕಾರಣ ಆಗುವುದಿಲ್ಲ. ಹುಡುಗ ಮಾತ್ರ ಈ ಕಸುಬೇ ಬೇಡ ಅಂತ ನಾಲ್ಕು ವಾರ ಮೊದಲು ಹೇಳಿ ಬಿಡಬಹುದು. ಕೊನೆಯ ಪರೀಕ್ಷೆ ಫೇಲಾದರೆ ಇನ್ನೆರಡು ಸಲ ಬರೆಯಬಹುದು.

ನನಗೆ ಇಷ್ಟವಾದದ್ದು ಆ ನಾಲ್ಕು ತಿಂಗಳು. ಮೊದಲೇ ಗಡುವು ಇದ್ದರೆ ಇಬ್ಬರೂ ಕಣ್ಣು ತೆರೆದುಕೊಂಡು ನೋಡುತ್ತಾರೆ. ನಮ್ಮಲ್ಲಿ ಯಾರೂ ಏನೂ ಹೇಳದೆ ವರ್ಷ ಕಳೆಯುತ್ತದೆ, ಆಮೇಲೆ ಒಂದು ದಿನ ಜಗಳ.

---

ಸುಮ್ನೆ_ಒಬ್ಬ

ಜರ್ಮನಿ ಬಿಡಿ ಸಾರ್. ಇಲ್ಲಿ ಮಾವನ ಊರಿನವನು ಅಂದರೆ ಅದೇ ಒಪ್ಪಂದ.

---

ಕೂಲಿ_ಲೆಕ್ಕ

ನಮ್ಮಲ್ಲೂ ಕಾನೂನು ಇದೆ, 1961ರ ಅಪ್ರೆಂಟಿಸ್ ಕಾಯ್ದೆ. ಕೇಂದ್ರದ ಅಪ್ರೆಂಟಿಸ್ ಯೋಜನೆ 2016ರಿಂದ ಇದೆ. ಅದರಲ್ಲಿ ನೋಂದಾಯಿಸಿದರೆ ಸ್ಟೈಪೆಂಡಿನ ಕಾಲು ಭಾಗ, ತಿಂಗಳಿಗೆ 1,500 ರೂಪಾಯಿವರೆಗೆ, ಸರ್ಕಾರ ಕೊಡುತ್ತದೆ. 2019ರ ನಿಯಮದ ಪ್ರಕಾರ ಹತ್ತನೇ ಕ್ಲಾಸ್ ಆದವರಿಗೆ ಕನಿಷ್ಠ 6,000, ಐಟಿಐ ಸರ್ಟಿಫಿಕೇಟ್ ಇದ್ದವರಿಗೆ 7,000 ಅಂತ ಇತ್ತು. ತಿಪಟೂರಿನವರು ಅದರಲ್ಲಿ ಸೇರಿಸಿಕೊಳ್ಳಬಹುದಿತ್ತಲ್ಲ?

---

ಜೆಟಿಓ_ಮೇಷ್ಟ್ರು

@ಕೂಲಿ_ಲೆಕ್ಕ ಸಣ್ಣ ತಿದ್ದುಪಡಿ. ಅಪ್ರೆಂಟಿಸ್ ತೆಗೆದುಕೊಳ್ಳಲು ಕನಿಷ್ಠ ನಾಲ್ಕು ಜನ ಕೆಲಸ ಮಾಡುವ ಜಾಗ ಆಗಿರಬೇಕು. 30 ಅಥವಾ ಅದಕ್ಕಿಂತ ಹೆಚ್ಚು ಜನ ಇದ್ದರೆ ಕಡ್ಡಾಯ. ಇವರ ಅಂಗಡಿಯಲ್ಲಿ ಇರುವುದೇ ಮೂವರು. ಇನ್ನೊಂದು, ನೋಂದಣಿ ಆದ ಅಪ್ರೆಂಟಿಸ್‌ನನ್ನು ನಾಳೆಯಿಂದ ಬರಬೇಡ ಅನ್ನುವಂತಿಲ್ಲ. ಒಪ್ಪಂದ ಮುರಿಯಲು ಅಪ್ರೆಂಟಿಸ್‌ಶಿಪ್ ಸಲಹಾಧಿಕಾರಿಗೆ ಅರ್ಜಿ ಹಾಕಬೇಕು. ತಪ್ಪು ಮಾಲೀಕರದ್ದಾದರೆ ಹುಡುಗನಿಗೆ ಪರಿಹಾರ ಕೊಡಬೇಕಾಗುತ್ತದೆ.

---

ಕೂಲಿ_ಲೆಕ್ಕ

ಸರಿ. ಅಂದರೆ ದೊಡ್ಡ ಫ್ಯಾಕ್ಟರಿಯ ಹುಡುಗನಿಗೆ ರಕ್ಷಣೆ ಇದೆ, ಸಣ್ಣ ಅಂಗಡಿಯ ಹುಡುಗನಿಗೆ ಮಾಲೀಕರ ಮನಸ್ಸೇ ಗತಿ. ನಾನು ಹೇಳುತ್ತಿರುವುದೂ ಅದನ್ನೇ.

---

ಉಜಿರೆ_ಹಳೇವಿದ್ಯಾರ್ಥಿ

ಯಾರೂ ಇದನ್ನು ಹೇಳಲಿಲ್ಲ ಅಂತ ಬರೆಯುತ್ತಿದ್ದೇನೆ. ಆರ್‌ಸೆಟಿ ಅಂದರೆ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಲ್ಲಿ ಮೋಟಾರ್ ರಿವೈಂಡಿಂಗಿಗೇ 30 ದಿನದ ತರಬೇತಿ ಇದೆ. ಬ್ಯಾಂಕುಗಳು ಜಿಲ್ಲೆಗೊಂದರಂತೆ ನಡೆಸುವ ಸಂಸ್ಥೆ. ಊಟ, ವಸತಿ, ತರಬೇತಿ ಎಲ್ಲ ಉಚಿತ. ಇದರ ಮೂಲ ನಮ್ಮ ಉಜಿರೆಯ ರುಡ್‌ಸೆಟ್, 1982ರಲ್ಲಿ ಶುರುವಾದದ್ದು. ಆಮೇಲೆ ಇಡೀ ದೇಶಕ್ಕೆ ಅದೇ ಮಾದರಿ ಆಯಿತು.

ಅಲ್ಲಿ ಕಲಿಸುವವರಿಗೆ ಗಿರಾಕಿಯ ಅವಸರ ಇರುವುದಿಲ್ಲ. ಒಂದೇ ಸ್ಟೇಟರ್ (ಮೋಟಾರಿನ ತಿರುಗದ ಭಾಗ, ಕಾಯಿಲ್ ಕೂರುವುದು ಅದರಲ್ಲೇ) ಮೇಲೆ ಕಟ್ಟು, ಬಿಚ್ಚು, ಮತ್ತೆ ಕಟ್ಟು. ಜೊತೆಗಿರುವವರೂ ಕಲಿಯುವವರೇ ಆದ್ದರಿಂದ ಕೇಳಲು ನಾಚಿಕೆ ಇಲ್ಲ. ನಿಮ್ಮ ಹುಡುಗ ಅಲ್ಲೂ ಎಡವಿದರೆ ಅವನಿಗೇ ಗೊತ್ತಾಗುತ್ತದೆ, ನೀವು ಹೇಳಬೇಕಾಗಿಲ್ಲ. ಯಾವ ಬ್ಯಾಚ್ ಯಾವಾಗ ಅಂತ ತುಮಕೂರಿನಲ್ಲಿ ವಿಚಾರಿಸಿ.

---

ತಿಪಟೂರು_ವೈಂಡಿಂಗ್

@ಉಜಿರೆ_ಹಳೇವಿದ್ಯಾರ್ಥಿ ಇದು ಗೊತ್ತೇ ಇರಲಿಲ್ಲ. ಆದರೆ ಸೀಸನ್ ನಡುವೆ 30 ದಿನ ಕಳಿಸಿದರೆ ಅಂಗಡಿ ಹೇಗೆ ನಡೆಸಲಿ?

---

ಪೀಣ್ಯ_ಪ್ರೆಸ್‌ಶಾಪ್

ಕೆಲಸ ಬಾರದವನು ಅಂದಿರಿ. ಈಗ ಅವನಿಲ್ಲದೆ ಅಂಗಡಿ ನಡೆಯುವುದಿಲ್ಲ ಅನ್ನುತ್ತಿದ್ದೀರಿ. ಯಾವುದೋ ಕೆಲಸ ಅವನಿಂದ ಆಗುತ್ತಿದೆ ಅಂತ ಆಯಿತಲ್ಲ?

---

ತಿಪಟೂರು_ವೈಂಡಿಂಗ್

@ಪೀಣ್ಯ_ಪ್ರೆಸ್‌ಶಾಪ್ ಆಗುತ್ತದೆ ಸಾರ್, ಇಲ್ಲ ಅಂದೆನಾ? ಬೇರಿಂಗ್, ಬುಷ್ ತೆಗೆಯುವುದು ನನಗಿಂತ ಚೆನ್ನಾಗಿ ಮಾಡುತ್ತಾನೆ. ಪುಲ್ಲರ್ ಹಾಕಿದರೆ ಶಾಫ್ಟಿಗೆ ಒಂದು ಗೀರು ಬೀಳುವುದಿಲ್ಲ. ಸೈಟಿಗೆ ಕರೆದುಕೊಂಡು ಹೋದರೆ ಪೈಪ್ ಕ್ಲಾಂಪ್ ಹಾಕುವುದು, ಕಾಲಮ್ ಪೈಪ್ ಇಳಿಸುವುದು, ಎಲ್ಲ ಚುರುಕು. ರೈತರ ಹತ್ತಿರ ಚೆನ್ನಾಗಿ ಮಾತಾಡುತ್ತಾನೆ. ಕೂತು ಎಣಿಸುವ ಕೆಲಸ ಬಂದರೆ ಮಾತ್ರ ಕಣ್ಣು ಎಲ್ಲೋ ಹೋಗುತ್ತದೆ.

---

ಬ್ಲೌಸ್_ಅಕ್ಕ_ದಾವಣಗೆರೆ

ಅಯ್ಯೋ ಅಣ್ಣಾ, ಇದನ್ನು ಮೊದಲೇ ಹೇಳಬಾರದಿತ್ತಾ! ಅವನು ನಿಮ್ಮ ಕುಚ್ಚು ಕಟ್ಟುವ ಹುಡುಗಿ.

---

ಸುಮ್ನೆ_ಒಬ್ಬ

ಪೈಪ್ ಇಳಿಸುವವನು ಬೇಕಾದರೆ ದಿನಗೂಲಿಗೆ ಸಿಗುತ್ತಾನೆ ಅಕ್ಕ. ಇವರಿಗೆ ಬೇಕಾಗಿರುವುದು ವೈಂಡರ್. ಮೇಸ್ತ್ರಿಗೆ ವಯಸ್ಸಾಗಿದೆ. ನಾಳೆ ಅವರು ಕೂತರೆ ಕಾಯಿಲ್ ಯಾರು ಕಟ್ಟುವುದು? ಆ ಜಾಗದಲ್ಲಿ ಇವನನ್ನು ಇಟ್ಟುಕೊಂಡಷ್ಟು ದಿನ ನಿಜವಾಗಿ ಕಲಿಯುವ ಇನ್ನೊಬ್ಬನಿಗೆ ಜಾಗ ಇಲ್ಲ. ಈ ಲೆಕ್ಕ ಯಾರೂ ಹಾಕುತ್ತಿಲ್ಲ ಇಲ್ಲಿ.

---

ಕುಂದಾಪ್ರ_ಆಚಾರಿ

@ಸುಮ್ನೆ_ಒಬ್ಬ ಇವತ್ತು ಮೊದಲ ಸಲ ನಿಮ್ಮ ಮಾತು ಒಪ್ಪುತ್ತೇನೆ.

---

ಅಮ್ಮ_ಚನ್ನರಾಯಪಟ್ಟಣ

ನಾನು ಇಲ್ಲಿ ಬರೆಯುವವಳಲ್ಲ, ಓದುತ್ತಿರುತ್ತೇನೆ. ನನ್ನ ಮಗನೂ ಒಂದು ಫ್ಯಾಬ್ರಿಕೇಷನ್ ಅಂಗಡಿಯಲ್ಲಿ ವೆಲ್ಡಿಂಗ್ ಕಲಿಯುತ್ತಿದ್ದಾನೆ. ಕಲಿಯುತ್ತಿದ್ದಾನಾ ಇಲ್ಲವಾ ಅಂತ ನನಗೆ ಯಾರೂ ಹೇಳಿಲ್ಲ. ಕೇಳಿದರೆ ಓನರ್ 'ಇದ್ದಾನೆ ಬಿಡಿ ಅಮ್ಮ' ಅನ್ನುತ್ತಾರೆ. ಅದರ ಅರ್ಥ ಏನು? ಆಗುವುದಿಲ್ಲ ಅಂತ ಈಗಲೇ ಹೇಳಿದರೆ ಬೇರೆ ಏನಾದರೂ ನೋಡಬಹುದು. ಇಪ್ಪತ್ತೈದು ವರ್ಷ ಆದ ಮೇಲೆ ಹೇಳಿದರೆ ಎಲ್ಲಿಗೆ ಕಳಿಸಲಿ? ಆ ಹುಡುಗನ ತಾಯಿಗೂ ಹೇಳಿ.

---

ಜೆಟಿಓ_ಮೇಷ್ಟ್ರು

@ಅಮ್ಮ_ಚನ್ನರಾಯಪಟ್ಟಣ ಅಮ್ಮಾ, ಒಂದು ದಿನ ಅಂಗಡಿಗೆ ಹೋಗಿ ಅವನು ಹಾಕಿದ ವೆಲ್ಡಿಂಗ್ ಯಾವುದು ಅಂತ ತೋರಿಸಲು ಹೇಳಿ. ತೋರಿಸಲು ಒಂದು ಗೇಟೋ ಗ್ರಿಲ್ಲೋ ಇದ್ದರೆ ಕಲಿಯುತ್ತಿದ್ದಾನೆ. ಗ್ರೈಂಡಿಂಗ್ ಮಾಡಿದ್ದು, ಪೇಂಟ್ ಹೊಡೆದದ್ದು ಮಾತ್ರ ತೋರಿಸಿದರೆ ಓನರ್ ಹತ್ತಿರ ನೇರವಾಗಿ ಮಾತಾಡಿ. ಕನ್ನಡಕ, ಶೀಲ್ಡ್ ಕೊಟ್ಟಿದ್ದಾರಾ ಅಂತಲೂ ನೋಡಿ.

---

ತಿಪಟೂರು_ವೈಂಡಿಂಗ್

ಎಲ್ಲರಿಗೂ ಥ್ಯಾಂಕ್ಸ್. ಈ ವಾರ ಆದದ್ದು ಬರೆಯುತ್ತೇನೆ.

ಕಣ್ಣು ತೋರಿಸಿದೆ. ಬಣ್ಣ, ದೃಷ್ಟಿ ಎರಡೂ ಸರಿ ಇವೆ. ಮೇಷ್ಟ್ರು ಹೇಳಿದ ಲೆಕ್ಕ ಕೇಳಿದೆ. 0.71 ದೊಡ್ಡದು ಅಂದ. ಗೇಜ್ ಚಾರ್ಟ್ ಗೋಡೆ ಮೇಲೆ ಅವನ ಕಣ್ಣೆದುರೇ ಇದೆ, ಅದನ್ನು ಯಾವತ್ತೂ ಓದಿಯೇ ಇಲ್ಲ, ತಂತಿಯನ್ನು ಕೈಯಲ್ಲಿ ಹಿಡಿದು ಅಂದಾಜು ಮಾಡುತ್ತಿದ್ದನಂತೆ. ನಮ್ಮ ಮಗಳು ಏಳನೇ ಕ್ಲಾಸು, ಸ್ಕೇಲ್ ಇಟ್ಟುಕೊಂಡು ಅವನಿಗೆ ಹೇಳಿಕೊಡುತ್ತಿದ್ದಾಳೆ. ಸ್ವಲ್ಪ ಹಿಡಿದುಕೊಂಡಿದ್ದಾನೆ. ಸುತ್ತು ಎಣಿಸುವುದು ಮಾತ್ರ ಈಗಲೂ ಹಾಗೇ ಇದೆ.

ಮೇಸ್ತ್ರಿ ಇಲ್ಲದಾಗ ಕೂರಿಸಿ ಮಾತಾಡಿದೆ. ಜೆಸಿಬಿ ಅಣ್ಣ ಹೇಳಿದ ಹಾಗೆ ಸುತ್ತಿ ಬಳಸದೆ ಹೇಳಿದೆ: ಕಾಯಿಲ್ ಕೆಲಸ ನಿನಗೆ ಆಗುತ್ತದೆ ಅಂತ ನನಗೆ ಅನ್ನಿಸುತ್ತಿಲ್ಲ, ನಿನಗೇನನ್ನಿಸುತ್ತದೆ? ಅವನೇ 'ಅಣ್ಣ, ನನಗೆ ಬೋರಿನ ಹತ್ತಿರದ ಕೆಲಸ ಇಷ್ಟ' ಅಂದ. ಮೆಗ್ಗರ್ ವಿಷಯ ಕೇಳಿದೆ. ಗಾಡಿಯವನೂ ರೈತನೂ ಬೈಯುತ್ತಿದ್ದರು, ಮುಳುಗಿಸಿಡಲು ಟೈಮ್ ಇರಲಿಲ್ಲ ಅಂದ. ಇನ್ನೊಂದು ಸಲ ಆದರೆ ಅವತ್ತೇ ಕೊನೆ ಅಂತ ಹೇಳಿದ್ದೇನೆ. ಚೀಟಿ ಪದ್ಧತಿ ಶುರು ಮಾಡಿದೆ, ಮೇಸ್ತ್ರಿಗೂ ಸೇರಿಸಿ. ಮೇಸ್ತ್ರಿಗೆ ಅದು ಇಷ್ಟ ಇಲ್ಲ, ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಈಗ ತೀರ್ಮಾನ: ಈ ಸೀಸನ್ ಬಿಚ್ಚುವುದು, ಬೇರಿಂಗ್, ಸೈಟ್ ಕೆಲಸ ಅವನದು. ಕಾಯಿಲಿಗೆ ಬೇರೆ ಹುಡುಗನನ್ನು ನೋಡುತ್ತಿದ್ದೇನೆ. ಮಳೆ ಹಿಡಿದ ಮೇಲೆ ತುಮಕೂರಿನ 30 ದಿನದ ಬ್ಯಾಚಿಗೆ ಕಳಿಸುತ್ತೇನೆ. ಅಲ್ಲಿಂದ ಬಂದ ಮೇಲೂ ವೈಂಡಿಂಗ್ ಬರದಿದ್ದರೆ ಪಂಪ್ ಎತ್ತುವ ಗಾಡಿ ಇಟ್ಟಿರುವ ನನ್ನ ಪರಿಚಯದವರು ಒಬ್ಬರು ಕರೆದುಕೊಳ್ಳುತ್ತೇನೆ ಅಂದಿದ್ದಾರೆ. ಅವನ ತಾಯಿಗೂ ಇದನ್ನೆಲ್ಲ ಹೇಳಿ ಬಂದೆ.

---

ಪೀಣ್ಯ_ಪ್ರೆಸ್‌ಶಾಪ್

ಮೇಸ್ತ್ರಿಗೂ ಚೀಟಿ ಬರೆಸಿದ್ದು ಭೇಷ್. ಹುಡುಗನಿಗೆ ಮಾತ್ರ ಬರೆಸಿದ್ದರೆ ಅದು ಶಿಕ್ಷೆ ಆಗುತ್ತಿತ್ತು.

---

ಸುಮ್ನೆ_ಒಬ್ಬ

ಒಟ್ಟಿನಲ್ಲಿ ಕಳಿಸಲಿಲ್ಲ. ಮುಂದಿನ ವರ್ಷ ಇದೇ ಪ್ರಶ್ನೆ ಹಿಡಿದುಕೊಂಡು ಬರುತ್ತೀರಿ ನೋಡಿ.

---

ಕೂಲಿ_ಲೆಕ್ಕ

ಆ 30 ದಿನ ತರಬೇತಿಗೆ ಹೋದಾಗ ಸಂಬಳ ಕೊಡುತ್ತೀರಾ? ಅದನ್ನು ಬರೆಯಲೇ ಇಲ್ಲ.

---

ತಿಪಟೂರು_ವೈಂಡಿಂಗ್

@ಕೂಲಿ_ಲೆಕ್ಕ ಅರ್ಧ ಕೊಡುತ್ತೇನೆ ಅಂದಿದ್ದೇನೆ.

---

ಕೂಲಿ_ಲೆಕ್ಕ

ಪೂರ್ತಿ ಕೊಡಿ. ಸೈಟ್ ಕೆಲಸದಲ್ಲಿ ಅವನು ನಿಮಗೆ ದುಡಿದು ಕೊಡುತ್ತಿದ್ದಾನೆ ಅಂತ ನೀವೇ ಬರೆದಿದ್ದೀರಿ.

---

ತಿಪಟೂರು_ವೈಂಡಿಂಗ್

ಸೀಸನ್ ಹೇಗೆ ಹೋಗುತ್ತದೆ ನೋಡಿ ಹೇಳುತ್ತೇನೆ ಸ್ವಾಮಿ. ಬೆಳಿಗ್ಗೆಯಿಂದ ನಾಲ್ಕು ಮೋಟಾರ್ ಬಂದಿವೆ.